ಹಿಮ ಕರಗುವ ತನಕ ಬೇರೆ ಆಟ

ಕೆನಡಾದ ಗಡಿಗೆ ಅಂಟಿಕೊಂಡಿರುವ ಅಮೆರಿಕದ ರಾಜ್ಯ ಮಿನ್ನೆಸೋಟ. ಅದರ ರಾಜಧಾನಿ ಸೇಂಟ್ ಪಾಲ್. ಜನಸಂಖ್ಯೆ ಮೂರು ಲಕ್ಷದ ಆಸುಪಾಸು. ನವೆಂಬರಿನಲ್ಲಿ ಬಿದ್ದ ಹಿಮ ಕೆಲವು ವರ್ಷ ಏಪ್ರಿಲ್ ಬಂದರೂ ಮೈದಾನದಿಂದ ಕದಲುವುದಿಲ್ಲ. ಬೇಸ್‌ಬಾಲ್ ಆಡಲು ಹುಲ್ಲು ಬೇಕು, ಒಣಗಿದ ಮಣ್ಣು ಬೇಕು, ಚೆಂಡು ಹಿಡಿದ ಬೆರಳು ಮರಗಟ್ಟದಷ್ಟು ಬಿಸಿಲು ಬೇಕು. ಈ ಮೂರೂ ಒಟ್ಟಿಗೆ ಅಲ್ಲಿ ಸಿಗುವುದು ವರ್ಷದಲ್ಲಿ ಕೆಲವೇ ತಿಂಗಳು. ಹೀಗಿದ್ದೂ ಕೂಪರ್ಸ್‌ಟೌನ್‌ನ ಬೇಸ್‌ಬಾಲ್ ಹಾಲ್ ಆಫ್ ಫೇಮ್‌ನಲ್ಲಿ ಸೇಂಟ್ ಪಾಲ್‌ನಲ್ಲೇ ಹುಟ್ಟಿದ ನಾಲ್ವರ ಫಲಕಗಳಿವೆ. ಡೇವ್ ವಿನ್‌ಫೀಲ್ಡ್ 2001ರಲ್ಲಿ, ಪಾಲ್ ಮೊಲಿಟರ್ 2004ರಲ್ಲಿ, ಜ್ಯಾಕ್ ಮಾರಿಸ್ 2018ರಲ್ಲಿ, ಜೋ ಮಾವರ್ 2024ರಲ್ಲಿ ಆ ಗೋಡೆ ಏರಿದರು.

ವರ್ಷವಿಡೀ ಬಿಸಿಲಿರುವ ಕ್ಯಾಲಿಫೋರ್ನಿಯ, ಫ್ಲಾರಿಡ, ಟೆಕ್ಸಸ್‌ಗಳ ಎಷ್ಟೋ ದೊಡ್ಡ ಊರುಗಳಿಗೆ ಇಲ್ಲದ ಭಾಗ್ಯ ಈ ಚಳಿಯೂರಿಗೆ ಹೇಗೆ ಬಂತು? ಆಕಸ್ಮಿಕ ಎಂದು ತಳ್ಳಿಹಾಕಬಹುದು. ನಾಲ್ಕು ಹೆಸರಿನಿಂದ ಸಿದ್ಧಾಂತ ಕಟ್ಟಲಾಗದು ಎಂಬುದೂ ನಿಜ. ಆದರೆ ಈ ನಾಲ್ವರಲ್ಲಿ ಮೊದಲನೆಯವರ ಬಾಲ್ಯವನ್ನು ಕೆದಕಿದರೆ ಒಂದು ವಿಷಯ ಕಣ್ಣಿಗೆ ಹೊಡೆಯುತ್ತದೆ. ವರ್ಷಕ್ಕೊಮ್ಮೆ ಬೇಸ್‌ಬಾಲನ್ನು ಕೆಳಗಿಟ್ಟು ಬೇರೆ ಚೆಂಡು ಎತ್ತಿಕೊಳ್ಳುವುದು ಅವರಿಗೆ ಅನಿವಾರ್ಯವಾಗಿತ್ತು. ಹಲವು ಆಟಗಳ ಆಟಗಾರ ಎಂದ ಕೂಡಲೇ ನಾವು ‘ದೈವದತ್ತ ಪ್ರತಿಭೆ’ ಎಂದುಬಿಡುತ್ತೇವೆ. ನನ್ನ ಮಟ್ಟಿಗೆ ಅಂಥವರನ್ನು ತಯಾರು ಮಾಡಿದ್ದರಲ್ಲಿ ಪ್ರತಿಭೆಗಿಂತ ಕ್ಯಾಲೆಂಡರಿನ ಪಾಲು ದೊಡ್ಡದು.

ವಿನ್‌ಫೀಲ್ಡ್ ಹುಟ್ಟಿದ್ದು 1951ರ ಅಕ್ಟೋಬರ್ 3ರಂದು. ಮೂರು ವರ್ಷದವರಿರುವಾಗಲೇ ತಂದೆ–ತಾಯಿ ಬೇರೆಯಾದರು. ತಾಯಿ ಆರ್ಲೀನ್ ಊರಿನ ಶಾಲಾ ಇಲಾಖೆಯಲ್ಲಿ ದುಡಿದು ಇಬ್ಬರು ಗಂಡುಮಕ್ಕಳನ್ನು ಸಾಕಿದರು. ಮನೆ ಇದ್ದದ್ದು ರಾಂಡೊ ಎಂಬ ಕರಿಯರ ಬಡಾವಣೆಯ ಆಸುಪಾಸಿನಲ್ಲಿ. 1950ರ ದಶಕದ ಕೊನೆಯಿಂದ 60ರ ದಶಕದ ಉದ್ದಕ್ಕೂ ಐ–94 ಹೆದ್ದಾರಿ ಆ ಬಡಾವಣೆಯ ನಟ್ಟನಡುವೆ ಹಾದುಹೋಯಿತು. ನೂರಾರು ಮನೆ, ಅಂಗಡಿ, ಚರ್ಚುಗಳು ನೆಲಸಮವಾದವು. ಅದರ ಮಗ್ಗುಲಲ್ಲೇ ಉಳಿದುಕೊಂಡ ಆಕ್ಸ್‌ಫರ್ಡ್ ಮೈದಾನದಲ್ಲಿ ಬಿಲ್ ಪೀಟರ್ಸನ್ ಎಂಬ ತರುಣ ಮಕ್ಕಳನ್ನು ಗುಡ್ಡೆಹಾಕಿಕೊಂಡು ಆಡಿಸುತ್ತಿದ್ದರು. ಪೀಟರ್ಸನ್ ಬಿಳಿಯ, ಮಕ್ಕಳಲ್ಲಿ ಹೆಚ್ಚಿನವರು ಕರಿಯರು. ಬೇಸಿಗೆಯಲ್ಲಿ ಬೇಸ್‌ಬಾಲ್, ಚಳಿ ಬಂದರೆ ಒಳಾಂಗಣದಲ್ಲಿ ಬ್ಯಾಸ್ಕೆಟ್‌ಬಾಲ್. ಶುಲ್ಕವಿಲ್ಲ, ಆಯ್ಕೆ ಪರೀಕ್ಷೆಯಿಲ್ಲ, ಮನೆಯಿಂದ ನಡೆದು ಬಂದರೆ ಸಾಕು. ಡೇವ್ ಮತ್ತು ಅಣ್ಣ ಸ್ಟೀವ್ ದಿನವಿಡೀ ಅಲ್ಲೇ ಬಿದ್ದಿರುತ್ತಿದ್ದರು.

ಅಲ್ಲಿಂದ ಸೇಂಟ್ ಪಾಲ್ ಸೆಂಟ್ರಲ್ ಹೈಸ್ಕೂಲು. ಅಮೆರಿಕದ ಹೈಸ್ಕೂಲು ಆಟದ ಪದ್ಧತಿ ನಮ್ಮ ಓದುಗರಿಗೆ ಸ್ವಲ್ಪ ಹೊಸದು. ಅಲ್ಲಿ ಶಾಲೆಯೇ ಕ್ಲಬ್ಬು. ವರ್ಷವನ್ನು ಮೂರು ಋತುವಾಗಿ ಹಂಚಿರುತ್ತಾರೆ. ಎಲೆ ಉದುರುವ ಕಾಲಕ್ಕೆ ಅಮೆರಿಕನ್ ಫುಟ್‌ಬಾಲ್, ಗುಡ್ಡಗಾಡು ಓಟ. ಚಳಿಗಾಲಕ್ಕೆ ಬ್ಯಾಸ್ಕೆಟ್‌ಬಾಲ್, ಐಸ್ ಹಾಕಿ, ಕುಸ್ತಿ. ವಸಂತಕ್ಕೆ ಬೇಸ್‌ಬಾಲ್, ಅಥ್ಲೆಟಿಕ್ಸ್. ಯಾವ ಆಟದ ಅಭ್ಯಾಸ ಯಾವ ದಿನ ಶುರುವಾಗಬೇಕು, ಯಾವ ದಿನ ಮುಗಿಯಬೇಕು ಎಂಬುದನ್ನು ರಾಜ್ಯ ಮಟ್ಟದ ಶಾಲಾ ಕ್ರೀಡಾ ಸಂಸ್ಥೆ ಗೊತ್ತುಮಾಡುತ್ತದೆ. ಫುಟ್‌ಬಾಲ್ ಮುಗಿಸಿದ ಹುಡುಗ ಕೆಲವೇ ದಿನಗಳಲ್ಲಿ ಬ್ಯಾಸ್ಕೆಟ್‌ಬಾಲ್ ಅಂಕಣಕ್ಕೆ ಬರುತ್ತಾನೆ. ಎಷ್ಟೋ ಸಲ ಕೋಚ್ ಕೂಡ ಅದೇ ಮೇಷ್ಟ್ರು. ಶಾಲೆಯ ಮುಖ್ಯ ತಂಡದಲ್ಲಿ ಒಂದು ಋತು ಆಡಿದವನಿಗೆ ಶಾಲೆಯ ಮೊದಲಕ್ಷರವಿರುವ ಬಟ್ಟೆಯ ಲಾಂಛನ ಕೊಡುತ್ತಾರೆ, ಅದನ್ನು ಉಣ್ಣೆಯ ಜಾಕೆಟ್ಟಿಗೆ ಹೊಲಿಸಿಕೊಳ್ಳುತ್ತಾರೆ. ಒಂದೇ ವರ್ಷ ಮೂರು ಆಟಕ್ಕೆ ಮೂರು ಲಾಂಛನ ಪಡೆದವನಿಗೆ ಶಾಲೆಯಲ್ಲಿ ಸಿಗುವ ಮರ್ಯಾದೆಯೇ ಬೇರೆ.

ಸಣ್ಣ ಊರುಗಳಲ್ಲಿ ಇದು ಆಯ್ಕೆಯ ಮಾತೂ ಅಲ್ಲ. ಶಾಲೆಯಲ್ಲಿ ನೂರಿನ್ನೂರು ಹುಡುಗರಿದ್ದರೆ, ಚುರುಕಾಗಿ ಓಡುವವನು ಮೂರೂ ತಂಡಕ್ಕೆ ಬರದಿದ್ದರೆ ತಂಡವೇ ಕೂಡುವುದಿಲ್ಲ.

ಸೆಂಟ್ರಲ್ ಶಾಲೆಯಲ್ಲಿ ವಿನ್‌ಫೀಲ್ಡ್ ಬೇಸ್‌ಬಾಲ್, ಬ್ಯಾಸ್ಕೆಟ್‌ಬಾಲ್ ಎರಡನ್ನೂ ಆಡಿದರು. 1969ರಲ್ಲಿ ಶಾಲೆ ಮುಗಿಯುವ ಹೊತ್ತಿಗೆ ಬಾಲ್ಟಿಮೋರ್ ಓರಿಯೋಲ್ಸ್ ತಂಡ ಅವರನ್ನು ಡ್ರಾಫ್ಟ್‌ನಲ್ಲಿ ಆರಿಸಿತು, ಅದೂ 40ನೇ ಸುತ್ತಿನಲ್ಲಿ. ಡ್ರಾಫ್ಟ್ ಎಂದರೆ ವೃತ್ತಿಪರ ತಂಡಗಳು ಸರದಿಯ ಮೇಲೆ ಹೊಸ ಹುಡುಗರ ಹೆಸರು ಕೂಗುವ ವಾರ್ಷಿಕ ವ್ಯವಸ್ಥೆ; ಬೇಸ್‌ಬಾಲ್‌ನಲ್ಲಿ 1965ರಿಂದ ಇದೆ. ನಮ್ಮ ಐಪಿಎಲ್ ಹರಾಜಿನ ಹಾಗೆ ದುಡ್ಡಿನ ಕೂಗಾಟ ಇಲ್ಲಿಲ್ಲ, ಹೆಸರು ಕೂಗಿದ ತಂಡಕ್ಕೆ ಮಾತ್ರ ಅವನ ಜೊತೆ ಮಾತಾಡುವ ಹಕ್ಕು. ಹುಡುಗ ಒಪ್ಪಬಹುದು, ಬಿಡಬಹುದು. ಬಿಟ್ಟು ನಾಲ್ಕು ವರ್ಷದ ಕಾಲೇಜು ಸೇರಿದರೆ, ಈಗಿನ ನಿಯಮದ ಪ್ರಕಾರ ಮೂರು ವರ್ಷ ಓದು ಮುಗಿಯುವವರೆಗೆ ಅಥವಾ 21 ತುಂಬುವವರೆಗೆ ಮತ್ತೆ ಅವನ ಹೆಸರು ಕೂಗುವಂತಿಲ್ಲ. ಎರಡು ವರ್ಷದ ಜೂನಿಯರ್ ಕಾಲೇಜಿಗೆ ಹೋದರೆ ಆ ನಿರ್ಬಂಧವಿಲ್ಲ. ಹದಿನೆಂಟರ ಹುಡುಗನ ಮುಂದೆ ಅಲ್ಲಿ ಎರಡು ದಾರಿಗಳು ಕವಲೊಡೆಯುತ್ತವೆ: ಈಗಲೇ ಸಹಿ ಹಾಕಿ ಕೆಳಹಂತದ ಲೀಗುಗಳಲ್ಲಿ ಬಸ್ಸಿನಲ್ಲಿ ಊರೂರು ಸುತ್ತುತ್ತ ಮೇಲೇರುವುದು, ಇಲ್ಲವೇ ಕಾಲೇಜಿಗೆ ಹೋಗಿ ಓದುತ್ತ ಆಡುವುದು.

ವಿನ್‌ಫೀಲ್ಡ್ ಓರಿಯೋಲ್ಸ್‌ಗೆ ಇಲ್ಲ ಎಂದರು. ಪಕ್ಕದ ಮಿನ್ನಿಯಾಪೊಲಿಸ್‌ನಲ್ಲಿದ್ದ ಮಿನ್ನೆಸೋಟ ವಿಶ್ವವಿದ್ಯಾಲಯ ಸೇರಿದರು.

ಅಲ್ಲಿನ ಬೇಸ್‌ಬಾಲ್ ಕೋಚ್ ಡಿಕ್ ಸೀಬರ್ಟ್ ಸ್ವತಃ ವೃತ್ತಿಪರ ಬೇಸ್‌ಬಾಲ್‌ನ ಮೇಲ್ಮಟ್ಟವಾದ ಮೇಜರ್ ಲೀಗ್‌ನಲ್ಲಿ ಆಡಿ ಬಂದವರು. 1948ರಿಂದ 78ರವರೆಗೆ ಅದೇ ಹುದ್ದೆಯಲ್ಲಿದ್ದರು. 1956, 1960, 1964ರಲ್ಲಿ ರಾಷ್ಟ್ರೀಯ ಕಾಲೇಜು ಪ್ರಶಸ್ತಿ ಗೆದ್ದುಕೊಟ್ಟಿದ್ದರು. ಹಿಮದ ರಾಜ್ಯದ ತಂಡಕ್ಕೆ ಅದು ಸಣ್ಣ ಮಾತಲ್ಲ. ಕಾಲೇಜು ಬೇಸ್‌ಬಾಲ್‌ನ ಋತು ಚಳಿ ಪೂರ್ತಿ ಬಿಡುವ ಮೊದಲೇ ತೆರೆಯುತ್ತದೆ, ಈಗಂತೂ ಫೆಬ್ರುವರಿಯಲ್ಲೇ. ಉತ್ತರದ ತಂಡಗಳು ಮುಚ್ಚಿದ ಸಭಾಂಗಣದಲ್ಲಿ ಬಲೆ ಕಟ್ಟಿ ಅಭ್ಯಾಸ ಮಾಡಿ, ಮೊದಲ ಕೆಲವು ವಾರದ ಪಂದ್ಯಗಳಿಗೆ ದಕ್ಷಿಣಕ್ಕೆ ಹೋಗುತ್ತವೆ. ಅಷ್ಟರಲ್ಲಿ ಬಿಸಿಲು ನಾಡಿನ ಹುಡುಗರು ಬಯಲಿನಲ್ಲಿ ಆಡಿ ಆಡಿ ಪಳಗಿರುತ್ತಾರೆ.

ವಿನ್‌ಫೀಲ್ಡ್ ಚಳಿಗಾಲವನ್ನು ಬೇರೆ ರೀತಿ ಕಳೆದರು. ಕಾಲೇಜಿನೊಳಗೇ ವಿದ್ಯಾರ್ಥಿಗಳು ಕಟ್ಟಿಕೊಳ್ಳುವ ಮೋಜಿನ ಬ್ಯಾಸ್ಕೆಟ್‌ಬಾಲ್ ಲೀಗ್‌ನಲ್ಲಿ ‘ಸೋಲ್‌ಫುಲ್ ಸ್ಟ್ರಟರ್ಸ್’ ಎಂಬ ತಂಡಕ್ಕೆ ಆಡುತ್ತಿದ್ದರು. ಆರಡಿ ಆರಿಂಚಿನ ಆಳು, ಎಗರಿದರೆ ಹಿಡಿಯುವವರಿಲ್ಲ. ವಿಶ್ವವಿದ್ಯಾಲಯದ ಬ್ಯಾಸ್ಕೆಟ್‌ಬಾಲ್ ಕೋಚ್ ಬಿಲ್ ಮಸಲ್‌ಮನ್ ಅವರನ್ನು ಮುಖ್ಯ ತಂಡಕ್ಕೆ ಎಳೆದುಕೊಂಡರು. ಸೇರಿದ ಕೆಲವೇ ದಿನಕ್ಕೆ, 1972ರ ಜನವರಿ 25ರಂದು, ಓಹಾಯೊ ಸ್ಟೇಟ್ ವಿರುದ್ಧದ ಪಂದ್ಯದ ಕೊನೆಯ ನಿಮಿಷದಲ್ಲಿ ಅಂಕಣದ ಮೇಲೆ ಹೊಡೆದಾಟವಾಯಿತು. ಎದುರಾಳಿ ತಂಡದ ಲೂಕ್ ವಿಟಿ ಆಸ್ಪತ್ರೆ ಸೇರಿದರು. ಕಾಲೇಜು ಬ್ಯಾಸ್ಕೆಟ್‌ಬಾಲ್ ಇತಿಹಾಸದ ಕೆಟ್ಟ ರಾತ್ರಿಗಳಲ್ಲಿ ಅದೊಂದು, ಇಂದಿಗೂ ಮಿನ್ನೆಸೋಟದ ಹಳಬರು ಆ ಮಾತು ಬಂದರೆ ತಲೆ ತಗ್ಗಿಸುತ್ತಾರೆ. ಮಿನ್ನೆಸೋಟ ತಂಡದ ಇಬ್ಬರು ಇಡೀ ಋತುವಿಗೆ ಅಮಾನತಾದರು. ಉಳಿದ ಐವರೇ ಹೆಚ್ಚುಕಡಿಮೆ ಎಲ್ಲ ಪಂದ್ಯವನ್ನೂ ಪೂರ್ತಿ ಆಡಬೇಕಾಯಿತು. ಆ ಐವರಲ್ಲಿ ವಿನ್‌ಫೀಲ್ಡ್ ಒಬ್ಬರು. ಆ ವರ್ಷ ಮಿನ್ನೆಸೋಟ ಬಿಗ್ ಟೆನ್ ಎಂಬ ಕಾಲೇಜು ಲೀಗ್‌ನ ಪ್ರಶಸ್ತಿ ಗೆದ್ದಿತು.

ಬೇಸಿಗೆಯಲ್ಲಿ ಅವರು ಹೋದದ್ದು ಇನ್ನೂ ಉತ್ತರಕ್ಕೆ, ಅಲಾಸ್ಕದ ಫೇರ್‌ಬ್ಯಾಂಕ್ಸ್‌ಗೆ. ಕಾಲೇಜು ಹುಡುಗರು ರಜೆಯಲ್ಲಿ ಆಡುವ ‘ಗೋಲ್ಡ್‌ಪ್ಯಾನರ್ಸ್’ ತಂಡ ಅಲ್ಲಿತ್ತು. ಆ ಊರಿನಲ್ಲಿ ಪ್ರತಿ ವರ್ಷ ಜೂನ್ 21ರ ಸುಮಾರಿಗೆ ರಾತ್ರಿ ಹತ್ತರ ಹೊತ್ತಿಗೆ ಪಂದ್ಯ ಶುರುಮಾಡಿ ನಡುರಾತ್ರಿ ದಾಟುವವರೆಗೆ ಒಂದೂ ದೀಪ ಹಾಕದೆ ಆಡುತ್ತಾರೆ. ಸೂರ್ಯ ಮುಳುಗಿದಂತೆ ಮಾಡಿ ಮತ್ತೆ ಏಳುತ್ತಾನೆ. ಚಳಿಗಾಲವೆಲ್ಲ ಹೆಚ್ಚುಕಡಿಮೆ ಕತ್ತಲಲ್ಲಿ ಕೂತವರಿಗೆ ಬೆಳಕನ್ನು ಪೋಲುಮಾಡಲು ಮನಸ್ಸು ಬರುವುದಿಲ್ಲವೇನೋ.

1973ರ ಜೂನ್ ತಿಂಗಳನ್ನು ಸ್ವಲ್ಪ ನಿಧಾನವಾಗಿ ನೋಡಬೇಕು.

ಕಾಲೇಜು ಬೇಸ್‌ಬಾಲ್‌ನ ಕೊನೆಯ ಎಂಟು ತಂಡಗಳು 1950ರಿಂದಲೂ ನೆಬ್ರಾಸ್ಕದ ಒಮಾಹ ಎಂಬ ಊರಿನಲ್ಲಿ ಸೇರುತ್ತವೆ. ಆ ವರ್ಷ ಮಿನ್ನೆಸೋಟವೂ ಬಂದಿತ್ತು. ವಿನ್‌ಫೀಲ್ಡ್ ಅಲ್ಲಿ ಪಿಚರ್, ಅಂದರೆ 60 ಅಡಿ 6 ಇಂಚು ದೂರದಿಂದ ಬ್ಯಾಟರ್‌ನತ್ತ ಚೆಂಡು ಎಸೆಯುವವನು. ಎಸೆಯದ ದಿನ ದೂರದ ಫೀಲ್ಡರ್. ಒಕ್ಲಹೋಮ ವಿರುದ್ಧ 14 ಮಂದಿಯನ್ನು ಸ್ಟ್ರೈಕ್‌ಔಟ್ ಮಾಡಿ, ಅಂದರೆ ಚೆಂಡನ್ನು ಆಟಕ್ಕೆ ಹೊಡೆಯಲು ಬಿಡದೆ ಔಟ್ ಮಾಡಿ, 1–0ರಿಂದ ಗೆಲ್ಲಿಸಿದರು. ಕೆಲವೇ ದಿನ ಬಿಟ್ಟು ಸದರ್ನ್ ಕ್ಯಾಲಿಫೋರ್ನಿಯ ವಿಶ್ವವಿದ್ಯಾಲಯದ ಎದುರು ಮತ್ತೆ ಅದೇ ತೋಳು. 1970ರಿಂದ 74ರವರೆಗೆ ಸತತ ಐದು ವರ್ಷ ಚಾಂಪಿಯನ್ ಆದ ತಂಡವದು; ಮುಂದೆ ಮೇಜರ್ ಲೀಗ್‌ನಲ್ಲಿ ಹೆಸರು ಮಾಡಿದ ಫ್ರೆಡ್ ಲಿನ್, ರಾಯ್ ಸ್ಮಾಲಿ ಅದರಲ್ಲಿದ್ದರು. ಎಂಟು ಇನಿಂಗ್ಸ್ ಮುಗಿದಾಗ ವಿನ್‌ಫೀಲ್ಡ್ 15 ಸ್ಟ್ರೈಕ್‌ಔಟ್ ಮಾಡಿದ್ದರು. ಮಿನ್ನೆಸೋಟ 7–0ಯಿಂದ ಮುಂದಿತ್ತು. ಬೇಕಾದದ್ದು ಇನ್ನು ಮೂರೇ ಮೂರು ಔಟ್.

ಒಂಬತ್ತನೇ ಇನಿಂಗ್ಸ್‌ನಲ್ಲಿ ತೋಳು ಸೋತಿತು. ಹಿಟ್ ಮೇಲೆ ಹಿಟ್. ಸೀಬರ್ಟ್ ಅವರನ್ನು ಪಿಚಿಂಗ್ ದಿಬ್ಬದಿಂದ ಇಳಿಸಿ ದೂರದ ಫೀಲ್ಡಿಂಗ್‌ಗೆ ಕಳಿಸಿದರು. ಅಲ್ಲಿ ನಿಂತು ಅವರು ನೋಡುತ್ತಿರುವಂತೆಯೇ ಎದುರಾಳಿಗಳು ಒಂದೇ ಇನಿಂಗ್ಸ್‌ನಲ್ಲಿ ಎಂಟು ರನ್ ಗಳಿಸಿದರು. 8–7. ಮಿನ್ನೆಸೋಟ ಊರಿಗೆ ಹೊರಟಿತು. ಹತ್ತು ಸಲ ಬ್ಯಾಟಿಂಗ್‌ಗೆ ಬಂದು ಮೂರು ಸಲ ಹಿಟ್ ಹೊಡೆದರೆ ಒಳ್ಳೆಯ ಬ್ಯಾಟರ್ ಎನ್ನುವ ಆಟದಲ್ಲಿ ವಿನ್‌ಫೀಲ್ಡ್ ಆ ಸರಣಿಯಲ್ಲಿ .467 ಸರಾಸರಿಯಲ್ಲಿ ಹೊಡೆದಿದ್ದರು. ಸೋತ ತಂಡದವರಾದರೂ ಸರಣಿಯ ಶ್ರೇಷ್ಠ ಆಟಗಾರ ಪ್ರಶಸ್ತಿ ಅವರಿಗೇ ಬಂತು.

ಒಮಾಹಕ್ಕೆ ಬರುವ ಮೊದಲೇ ಡ್ರಾಫ್ಟ್ ಮುಗಿದಿತ್ತು. ಬೇಸ್‌ಬಾಲ್‌ನಲ್ಲಿ ಸ್ಯಾನ್ ಡಿಯೇಗೊ ಪ್ಯಾಡ್ರೆಸ್ ಅವರನ್ನು ಒಟ್ಟಾರೆ ನಾಲ್ಕನೆಯವರಾಗಿ ಆರಿಸಿತ್ತು. ಬ್ಯಾಸ್ಕೆಟ್‌ಬಾಲ್‌ನ ಎನ್‌ಬಿಎಯಿಂದ ಅಟ್ಲಾಂಟ ಹಾಕ್ಸ್, ಆಗಿನ್ನೂ ಜೀವಂತವಿದ್ದ ಪೈಪೋಟಿ ಲೀಗ್ ಎಬಿಎಯಿಂದ ಯೂಟ ಸ್ಟಾರ್ಸ್ ಹೆಸರು ಕೂಗಿದವು. ಇದೆಲ್ಲಕ್ಕಿಂತ ತಮಾಷೆಯೆಂದರೆ ಕಾಲೇಜಿನಲ್ಲಿ ಒಂದು ದಿನವೂ ಅಮೆರಿಕನ್ ಫುಟ್‌ಬಾಲ್ ಆಡದ ಈ ಮನುಷ್ಯನನ್ನು ಊರಿನ ತಂಡ ಮಿನ್ನೆಸೋಟ ವೈಕಿಂಗ್ಸ್ 17ನೇ ಸುತ್ತಿನಲ್ಲಿ ಆರಿಸಿತು. ಆ ಎತ್ತರ, ಆ ಕೈ, ಆ ಓಟ ಇದ್ದವನಿಗೆ ಉಳಿದದ್ದನ್ನು ಕಲಿಸಿಕೊಂಡರಾಯಿತು ಎಂಬ ಲೆಕ್ಕ ಇರಬೇಕು. ಮೂರು ಆಟ, ನಾಲ್ಕು ತಂಡ, ಒಬ್ಬ ಹುಡುಗ.

ಪ್ಯಾಡ್ರೆಸ್ ಅವರನ್ನು ಪಿಚರ್ ಆಗಿ ಬೆಳೆಸಲಿಲ್ಲ. ಪಿಚರ್ ಆದವನು ನಾಲ್ಕೈದು ದಿನಕ್ಕೊಮ್ಮೆ ಆಡುತ್ತಾನೆ. ಅವರ ಬ್ಯಾಟು ದಿನವೂ ಬೇಕಿತ್ತು. ಜೂನ್ 19ರಂದು ಅವರು ನೇರವಾಗಿ ಮೇಜರ್ ಲೀಗ್ ಅಂಗಳಕ್ಕೆ ಇಳಿದರು, ಕೆಳಹಂತದ ಲೀಗ್‌ನಲ್ಲಿ ಒಂದು ದಿನವೂ ಆಡದೆ. ಮುಂದೆ 22 ಋತು, 3,110 ಹಿಟ್, 465 ಹೋಮ್ ರನ್. 1980ರ ಕೊನೆಯಲ್ಲಿ ನ್ಯೂಯಾರ್ಕ್ ಯಾಂಕೀಸ್ ಜೊತೆ ಮಾಡಿಕೊಂಡ ಹತ್ತು ವರ್ಷದ ಒಪ್ಪಂದ ಆ ಕಾಲಕ್ಕೆ ಆಟದಲ್ಲೇ ದೊಡ್ಡದು. 1983ರಲ್ಲಿ ಟೊರಾಂಟೊದಲ್ಲಿ ಇನಿಂಗ್ಸ್ ನಡುವಿನ ಬಿಡುವಿನಲ್ಲಿ ಎಸೆದ ಚೆಂಡು ಮೈದಾನದಲ್ಲಿ ಕೂತಿದ್ದ ಕಡಲಹಕ್ಕಿಗೆ ಬಡಿದು ಅದು ಸತ್ತುಹೋದಾಗ ಪೊಲೀಸರು ಅವರನ್ನು ಠಾಣೆಗೆ ಕರೆದೊಯ್ದ ಕಥೆಯೂ ಉಂಟು, ಮೊಕದ್ದಮೆ ನಿಲ್ಲಲಿಲ್ಲ. ಒಂಬತ್ತು ವರ್ಷದ ನಂತರ ಅದೇ ಟೊರಾಂಟೊಗೆ ಆಡಿ, ವಿಶ್ವ ಸರಣಿಯ ಆರನೇ ಪಂದ್ಯದ 11ನೇ ಇನಿಂಗ್ಸ್‌ನಲ್ಲಿ ಹೊಡೆದ ಹೊಡೆತದಿಂದ ಪ್ರಶಸ್ತಿ ತಂದುಕೊಟ್ಟು ಆ ಊರಿನ ಜೊತೆ ಲೆಕ್ಕ ಚುಕ್ತಾ ಮಾಡಿದರು. 1993ರ ಸೆಪ್ಟೆಂಬರ್ 16ರಂದು ಮೂರು ಸಾವಿರದ ಹಿಟ್ ಬಂದಾಗ ಅವರು ಹುಟ್ಟೂರಿನ ಮಿನ್ನೆಸೋಟ ಟ್ವಿನ್ಸ್ ತಂಡದಲ್ಲಿದ್ದರು. ಸರಿಯಾಗಿ ಮೂರು ವರ್ಷಕ್ಕೆ, 1996ರ ಸೆಪ್ಟೆಂಬರ್ 16ರಂದೇ, ಅದೇ ಊರಿನ, ಅದೇ ವಿಶ್ವವಿದ್ಯಾಲಯದ ಮೊಲಿಟರ್ ಅದೇ ಟ್ವಿನ್ಸ್ ಪರವಾಗಿ ತಮ್ಮ ಮೂರು ಸಾವಿರ ಮುಟ್ಟಿದರು.

1973ರ ಡ್ರಾಫ್ಟ್‌ನಲ್ಲಿ ವಿನ್‌ಫೀಲ್ಡ್‌ಗಿಂತ ಮೊದಲು ಹೆಸರು ಕೂಗಿಸಿಕೊಂಡ ಮೂವರು ಯಾರು? ಅವರ ಕಥೆಯಲ್ಲೂ ನಮಗೆ ಬೇಕಾದ ಮಾತಿದೆ. ಮೊದಲನೆಯವರು ಡೇವಿಡ್ ಕ್ಲೈಡ್, ಹ್ಯೂಸ್ಟನ್‌ನ ಎಡಗೈ ಪಿಚರ್. ಹೈಸ್ಕೂಲಿನ ಕೊನೆಯ ವರ್ಷ 18 ಪಂದ್ಯ ಗೆದ್ದು ಒಂದೂ ಸೋಲದ ಹುಡುಗ. ಟೆಕ್ಸಸ್ ರೇಂಜರ್ಸ್ ತಂಡಕ್ಕೆ ಆಗ ಪ್ರೇಕ್ಷಕರ ಬರ. ಶಾಲೆ ಮುಗಿಸಿದ ಹುಡುಗನನ್ನು ಕೆಲವೇ ವಾರದಲ್ಲಿ, ಜೂನ್ 27ರಂದು, ನೇರವಾಗಿ ಮೇಜರ್ ಲೀಗ್ ಪಂದ್ಯಕ್ಕೆ ಇಳಿಸಿದರು. ಕ್ರೀಡಾಂಗಣ ಕಿಕ್ಕಿರಿಯಿತು, ವಾಹನ ದಟ್ಟಣೆಯಿಂದ ಪಂದ್ಯವೇ ತಡವಾಯಿತು. ಮೊದಲ ಇಬ್ಬರಿಗೆ ಪುಕ್ಕಟೆ ಬೇಸ್ ಕೊಟ್ಟು, ಮುಂದಿನ ಮೂವರನ್ನೂ ಸ್ಟ್ರೈಕ್‌ಔಟ್ ಮಾಡಿ ಕ್ಲೈಡ್ ಗೆದ್ದೂ ಬಿಟ್ಟರು. ಜನ ಬರುತ್ತಿದ್ದಾರೆಂದು ಮಾಲೀಕರು ಅವರನ್ನು ಕೆಳಹಂತಕ್ಕೆ ಕಳಿಸಿ ಪಳಗಿಸುವ ಮನಸ್ಸು ಮಾಡಲಿಲ್ಲ. ಭುಜ ಕೈಕೊಟ್ಟಿತು, ಬದುಕು ಹಳಿ ತಪ್ಪಿತು. 24ನೇ ವಯಸ್ಸಿಗೆ ಮೇಜರ್ ಲೀಗ್ ಮುಗಿಯಿತು. ಒಟ್ಟು ಗೆಲುವು 18, ಸೋಲು 33.

ಎರಡನೆಯವರು ಜಾನ್ ಸ್ಟರ್ನ್ಸ್. ಕೊಲರಾಡೊ ವಿಶ್ವವಿದ್ಯಾಲಯದಲ್ಲಿ ಫುಟ್‌ಬಾಲ್, ಬೇಸ್‌ಬಾಲ್ ಎರಡನ್ನೂ ಆಡಿದವರು. ಫುಟ್‌ಬಾಲ್‌ನಲ್ಲೂ ಬಫಲೊ ಬಿಲ್ಸ್ ತಂಡದಿಂದ ಆಯ್ಕೆಯಾಗಿದ್ದವರು. ಮೂರನೆಯವರು ರಾಬಿನ್ ಯೌಂಟ್, ಕ್ಯಾಲಿಫೋರ್ನಿಯದ ಹೈಸ್ಕೂಲಿನಿಂದ ಕಾಲೇಜಿಗೆ ಹೋಗದೆ ಬಂದು 18ಕ್ಕೇ ಮೇಜರ್ ಲೀಗ್ ಆಡಿ ಕೊನೆಗೆ ಹಾಲ್ ಆಫ್ ಫೇಮ್ ಸೇರಿದವರು. ಯೌಂಟ್ ಇರುವುದರಿಂದ ‘ಕಾಲೇಜಿಗೆ ಹೋದವನೇ ಗೆದ್ದ’ ಎಂದು ಬರೆಯುವ ಆಸೆಯನ್ನು ನಾನು ಬಿಡಬೇಕಾಗಿದೆ. ಒಂದೇ ದಿನದ ನಾಲ್ಕು ಹೆಸರುಗಳಲ್ಲಿ ಎಲ್ಲ ಬಗೆಯ ಉತ್ತರವೂ ಇದೆ. ಆದರೆ ಪಿಚರ್‌ನ ತೋಳಿನ ವಿಷಯಕ್ಕೆ ಬಂದರೆ ಉತ್ತರ ಇಷ್ಟು ಕಲಸುಮೇಲೋಗರವಾಗಿಲ್ಲ.

ಮೊಣಕೈಯ ಒಳಮಗ್ಗುಲಲ್ಲಿ, ಮೇಲ್ದೋಳಿನ ಮೂಳೆಯನ್ನು ಮುಂದೋಳಿನ ಮೂಳೆಗೆ ಬಿಗಿದಿಟ್ಟಿರುವ ಪುಟ್ಟ ಅಸ್ಥಿರಜ್ಜು ಒಂದಿದೆ. ಚೆಂಡು ಎಸೆಯುವಾಗ ಕೈ ಹಿಂದಕ್ಕೆ ಬಾಗಿ, ಎದೆ ಮುಂದಕ್ಕೆ ತಿರುಗಿ, ಕೈ ಇನ್ನೂ ಹಿಂದೆಯೇ ಉಳಿದಿರುವ ಆ ಕ್ಷಣದಲ್ಲಿ ಭಾರವೆಲ್ಲ ಬೀಳುವುದು ಅದರ ಮೇಲೆ. ಒಂದು ಎಸೆತಕ್ಕೆ ಅದು ಹರಿಯುವುದಿಲ್ಲ. ದಿನಾ ಎಳೆದು, ಮಾಯಲು ಬಿಡದೆ ಮತ್ತೆ ಎಳೆದು, ಎಳೆಎಳೆಯಾಗಿ ಸವೆಯುತ್ತದೆ. 1974ರವರೆಗೆ ಅದು ಹರಿದರೆ ಪಿಚರ್‌ನ ಕೆಲಸ ಅಲ್ಲಿಗೆ ಮುಗಿಯಿತು. ಆ ವರ್ಷ ಲಾಸ್ ಏಂಜಲಿಸ್‌ನ ವೈದ್ಯ ಫ್ರ್ಯಾಂಕ್ ಜೋಬ್ ಅವರು ಟಾಮಿ ಜಾನ್ ಎಂಬ ಪಿಚರ್‌ನ ಬಲಗೈ ಮಣಿಕಟ್ಟಿನ ಬಳಿಯಿಂದ ಸ್ನಾಯುರಜ್ಜು ತೆಗೆದು, ಎಡ ಮೊಣಕೈ ಮೂಳೆಗಳಲ್ಲಿ ರಂಧ್ರ ಕೊರೆದು, ಅದನ್ನು ಅಲ್ಲಿ ಹೆಣೆದು ಕೂಡಿಸಿದರು. ಜಾನ್ 1976ರಲ್ಲಿ ಆಟಕ್ಕೆ ಮರಳಿ 1989ರವರೆಗೆ ಆಡಿದರು. ಶಸ್ತ್ರಚಿಕಿತ್ಸೆಗೆ ವೈದ್ಯನ ಬದಲು ರೋಗಿಯ ಹೆಸರೇ ನಿಂತಿತು. ಚೇತರಿಸಿಕೊಳ್ಳಲು ಒಂದು ವರ್ಷಕ್ಕೂ ಮಿಕ್ಕಿ ಬೇಕು. ಇವತ್ತು ಅದನ್ನು ಮಾಡಿಸಿಕೊಳ್ಳುವವರಲ್ಲಿ ಹೈಸ್ಕೂಲು ಹುಡುಗರೂ ಧಾರಾಳವಾಗಿದ್ದಾರೆ.

ಯಾಕೆ? ಅಲಬಾಮದ ಬರ್ಮಿಂಗ್‌ಹ್ಯಾಮ್‌ನ ಸಂಶೋಧಕರು 2006ರಲ್ಲಿ ಪ್ರಕಟಿಸಿದ ಅಧ್ಯಯನವೊಂದು ಇದನ್ನೇ ಕೆದಕಿತು. ಶಸ್ತ್ರಚಿಕಿತ್ಸೆಗೆ ಒಳಗಾದ ಹರೆಯದ ಪಿಚರ್‌ಗಳನ್ನು ಗಾಯವಾಗದವರ ಜೊತೆ ಹೋಲಿಸಿದಾಗ, ವರ್ಷಕ್ಕೆ ಎಂಟು ತಿಂಗಳಿಗಿಂತ ಹೆಚ್ಚು ಪಿಚ್ ಮಾಡುವವರಲ್ಲಿ ಗಾಯದ ಸಾಧ್ಯತೆ ಸುಮಾರು ಐದು ಪಟ್ಟು ಕಂಡುಬಂತು. ಕೈ ಸೋತಿದ್ದರೂ ಎಸೆಯುತ್ತಲೇ ಹೋದವರಲ್ಲಂತೂ 36 ಪಟ್ಟು. ಮುಂದೆ ಇನ್ನೊಂದು ಅಧ್ಯಯನ ಮೇಜರ್ ಲೀಗ್ ಪಿಚರ್‌ಗಳು ಹೈಸ್ಕೂಲು ಆಡಿದ ಊರುಗಳನ್ನು ನೋಡಿತು: ಬಿಸಿಲು ನಾಡಿನಿಂದ ಬಂದವರಿಗೆ ಈ ಶಸ್ತ್ರಚಿಕಿತ್ಸೆ ಹೆಚ್ಚು ಬೇಕಾಗಿತ್ತು, ಬೇಗನೆಯೂ ಬೇಕಾಗಿತ್ತು. ಸೇಂಟ್ ಪಾಲ್‌ನ ಹಿಮ ಅಲ್ಲಿನ ಹುಡುಗರಿಗೆ ಕೇಳದೆಯೇ ಕೊಟ್ಟ ರಜೆ ಇದು.

ಬೇರೆ ಆಟದಿಂದ ರಜೆಯ ಜೊತೆಗೆ ಇನ್ನೂ ಏನೋ ದಕ್ಕುತ್ತದೆ ಎನ್ನುವವರಿದ್ದಾರೆ. ಬ್ಯಾಸ್ಕೆಟ್‌ಬಾಲ್‌ನಿಂದ ಕಾಲಿನ ಚುರುಕು, ಫುಟ್‌ಬಾಲ್‌ನಿಂದ ಮೈದಾನದ ಒಟ್ಟು ಚಿತ್ರ ಕಣ್ಣಿಗೆ ಕಟ್ಟುವ ಗುಣ, ಇತ್ಯಾದಿ. ಇರಬಹುದು. ಜೋ ಮಾವರ್ ತಮ್ಮ ಹೈಸ್ಕೂಲು ದಿನಗಳಲ್ಲಿ ಫುಟ್‌ಬಾಲ್, ಬೇಸ್‌ಬಾಲ್ ಎರಡರಲ್ಲೂ ದೇಶದ ವರ್ಷದ ಆಟಗಾರ ಎನಿಸಿಕೊಂಡವರು. ಇಡೀ ಹೈಸ್ಕೂಲು ಬೇಸ್‌ಬಾಲ್ ಬದುಕಿನಲ್ಲಿ ಒಂದೇ ಒಂದು ಸಲ ಸ್ಟ್ರೈಕ್‌ಔಟ್ ಆದವರು. ಆದರೆ ಇಂಥವರನ್ನು ಸಾಕ್ಷಿಗೆ ಕರೆಯುವಾಗ ಎಚ್ಚರ ಬೇಕು. ಅಷ್ಟು ಚೆನ್ನಾಗಿ ಆಡುವವನನ್ನು ಎಲ್ಲ ತಂಡವೂ ಕರೆಯುತ್ತದೆ, ಹಾಗಾಗಿ ಅವನು ಎಲ್ಲ ಆಟವನ್ನೂ ಆಡಿರುತ್ತಾನೆ. ಹಲವು ಆಟದಿಂದ ಅವನು ಒಳ್ಳೆಯವನಾದನೋ, ಒಳ್ಳೆಯವನಾಗಿದ್ದಕ್ಕೆ ಹಲವು ಆಟ ಸಿಕ್ಕಿತೋ? ಇದನ್ನು ಬಿಡಿಸುವುದು ಕಷ್ಟ. ತೋಳಿಗೆ ಸಿಗುವ ವಿಶ್ರಾಂತಿಯ ಬಗ್ಗೆ ಮಾತ್ರ ಅಂಥ ಗೊಂದಲವಿಲ್ಲ. ಅಮೆರಿಕದ ಮಕ್ಕಳ ತಜ್ಞರ ಸಂಘವೂ ಹದಿನೈದು–ಹದಿನಾರರವರೆಗೆ ಒಂದೇ ಆಟಕ್ಕೆ ಕಟ್ಟಿಬೀಳಬೇಡಿ ಎಂದೇ ಹೇಳುತ್ತದೆ.

ಇಷ್ಟೆಲ್ಲ ಗೊತ್ತಿದ್ದೂ ಮೂರು ಲಾಂಛನದ ಜಾಕೆಟ್ಟು ಅಪರೂಪವಾಗುತ್ತಿದೆ. ಶಾಲೆಯ ಕ್ಯಾಲೆಂಡರಿನ ಪಕ್ಕದಲ್ಲಿ ಇನ್ನೊಂದು ಕ್ಯಾಲೆಂಡರ್ ಬೆಳೆದಿದೆ. ಅದರ ಹೆಸರು ಟ್ರಾವೆಲ್ ಬಾಲ್. ಖಾಸಗಿ ಕ್ಲಬ್ಬುಗಳು ಹತ್ತು ಹನ್ನೆರಡರ ಮಕ್ಕಳನ್ನು ಆರಿಸಿ ವಾರಾಂತ್ಯಕ್ಕೊಂದು ಟೂರ್ನಿಗೆ ಕರೆದೊಯ್ಯುತ್ತವೆ. ಬೇಸಿಗೆ ಮುಗಿದರೆ ಶರತ್ಕಾಲದ ಲೀಗು, ಚಳಿಗೆ ಒಳಾಂಗಣದ ತರಬೇತಿ. ಕಾಲೇಜು ಕೋಚ್‌ಗಳು ಹುಡುಗರನ್ನು ನೋಡಲು ಹೆಚ್ಚಾಗಿ ಬರುವುದು ಈ ಟೂರ್ನಿಗಳಿಗೆ, ಶಾಲೆಯ ಪಂದ್ಯಕ್ಕಲ್ಲ. ಶುಲ್ಕ, ಹೋಟೆಲು, ಪೆಟ್ರೋಲು, ಬ್ಯಾಟು ಎಲ್ಲ ಸೇರಿದರೆ ವರ್ಷಕ್ಕೆ ಸಾವಿರಾರು ಡಾಲರ್. ಬೇ ಏರಿಯಾದಲ್ಲೋ ಡಲ್ಲಾಸ್‌ನಲ್ಲೋ ನೆಲೆಸಿದ ನಮ್ಮವರಿಗೆ ಶನಿವಾರ ಫೋನು ಮಾಡಿ ನೋಡಿ, ಯಾವುದೋ ಮೈದಾನದ ಪಾರ್ಕಿಂಗ್‌ನಲ್ಲಿ ಮಗುವಿನ ಪಂದ್ಯ ಮುಗಿಯುವುದನ್ನು ಕಾಯುತ್ತ ಕೂತಿರುತ್ತಾರೆ.

ಇಷ್ಟು ಖರ್ಚು ಕಾಲೇಜಿನ ಸ್ಕಾಲರ್‌ಶಿಪ್ಪಿಗಾಗಿ ಎಂದು ಪೋಷಕರು ಸಮಾಧಾನ ಹೇಳಿಕೊಳ್ಳುತ್ತಾರೆ. ಲೆಕ್ಕ ನೋಡಿದರೆ ನಗು ಬರುತ್ತದೆ. ಮೇಲ್ಮಟ್ಟದ ಕಾಲೇಜುಗಳಲ್ಲಿ ಫುಟ್‌ಬಾಲ್ ತಂಡಕ್ಕೆ 85, ಪುರುಷರ ಬ್ಯಾಸ್ಕೆಟ್‌ಬಾಲ್‌ಗೆ 13 ಪೂರ್ಣ ಸ್ಕಾಲರ್‌ಶಿಪ್‌ಗಳಿದ್ದ ಕಾಲದಲ್ಲಿ ಬೇಸ್‌ಬಾಲ್‌ಗೆ ಇದ್ದದ್ದು 11.7. ಹೌದು, ದಶಮಾಂಶ ಏಳು. ಅದನ್ನೇ ಇಪ್ಪತ್ತೈದು ಮೂವತ್ತು ಹುಡುಗರಿಗೆ ಚೂರುಚೂರಾಗಿ ಹಂಚುತ್ತಿದ್ದರು. ಬೇಸ್‌ಬಾಲ್ ಜೊತೆ ಇನ್ನೊಂದು ಆಟವನ್ನೂ ಬಲ್ಲ ಬಡವರ ಮನೆಯ ಹುಡುಗ ಯಾವ ಕಡೆ ವಾಲುತ್ತಾನೆ ಎಂದು ಕೇಳಬೇಕಾಗಿಲ್ಲ. 2025ರಿಂದ ಆ ಮಿತಿ ಹೋಗಿ, ಹೊಸ ವ್ಯವಸ್ಥೆ ಒಪ್ಪಿದ ಕಾಲೇಜುಗಳಲ್ಲಿ ತಂಡಕ್ಕೆ 34 ಜನ ಎಂಬ ಮಿತಿ ಬಂದಿದೆ; ದುಡ್ಡಿರುವ ವಿಶ್ವವಿದ್ಯಾಲಯ ಬೇಕಿದ್ದರೆ ಅಷ್ಟೂ ಜನಕ್ಕೆ ಕೊಡಬಹುದು. ದುಡ್ಡಿಲ್ಲದವು ಏನು ಮಾಡುತ್ತವೆ ಎಂಬುದು ಬೇರೆ ಮಾತು.

ವಿನ್‌ಫೀಲ್ಡ್ ಅವರಂಥವರು ಈ ವ್ಯವಸ್ಥೆಯ ಯಾವ ಬಾಗಿಲಿನಿಂದ ಒಳಬರುತ್ತಿದ್ದರು? 1980ರ ದಶಕದ ಆರಂಭದಲ್ಲಿ ಮೇಜರ್ ಲೀಗ್ ಆಟಗಾರರಲ್ಲಿ ನೂರಕ್ಕೆ 18ರಷ್ಟಿದ್ದ ಅಮೆರಿಕದ ಕರಿಯರ ಪಾಲು ಇತ್ತೀಚಿನ ವರ್ಷಗಳಲ್ಲಿ ಆರರ ಸುಮಾರಿಗೆ ಇಳಿದಿದೆ. ಅದಕ್ಕೆ ಕಾರಣ ಹಲವು, ಬ್ಯಾಸ್ಕೆಟ್‌ಬಾಲ್‌ನ ಸೆಳೆತವೂ ಅದರಲ್ಲೊಂದು. ಆದರೆ ನಡೆದು ಹೋಗಿ ಆಡಬಹುದಾಗಿದ್ದ ಆಟ ಕಾರಿನಲ್ಲಿ ಹೋಗಿ ಆಡುವ ಆಟವಾದದ್ದು ಸಣ್ಣ ಕಾರಣವಲ್ಲ.

ನಮ್ಮಲ್ಲಿ ಕಥೆ ಬೇರೆ. ರಾಹುಲ್ ದ್ರಾವಿಡ್ ಹುಡುಗರಾಗಿದ್ದಾಗ ಕರ್ನಾಟಕದ ಕಿರಿಯರ ಹಾಕಿ ತಂಡಕ್ಕೂ ಆಡಿದ್ದರು. ಬೆಂಗಳೂರಿನ ಶಾಲೆಗಳಲ್ಲಿ ಆ ತಲೆಮಾರಿಗೆ ಅದು ಆಶ್ಚರ್ಯದ ಸಂಗತಿಯೂ ಆಗಿರಲಿಲ್ಲ. ಈಗ ಎಂಟನೇ ವಯಸ್ಸಿಗೇ ಅಕಾಡೆಮಿ, ವರ್ಷವಿಡೀ ನೆಟ್ಸ್. ವೇಗದ ಬೌಲರ್ ಆಗಬೇಕೆಂಬ ಹುಡುಗನ ಬೆನ್ನುಮೂಳೆಗೆ ಮಳೆಗಾಲದ ರಜೆಯೂ ಇಲ್ಲ. ಹಾಗೂ ಹೀಗೂ ಹತ್ತನೇ ಕ್ಲಾಸಿನವರೆಗೆ ಆಡಿದವರನ್ನು ಪಿಯುಸಿ ಬಂದು ಎಲ್ಲ ಆಟದಿಂದಲೂ ಒಟ್ಟಿಗೆ ಬಿಡಿಸುತ್ತದೆ. ಅಮೆರಿಕದವರು ಒಂದೇ ಆಟಕ್ಕೆ ಕಟ್ಟಿಹಾಕುವ ವಯಸ್ಸಿನಲ್ಲಿ ನಾವು ಮೈದಾನದಿಂದಲೇ ಬಿಡಿಸಿ ಸಿಇಟಿ ಪುಸ್ತಕ ಕೈಗಿಡುತ್ತೇವೆ.

ಅಮೆರಿಕದಲ್ಲಿ ಈಗ ನಡೆಯುತ್ತಿರುವುದು ಎಸೆತ ಎಣಿಸುವ ಕೆಲಸ. ಮೇಜರ್ ಲೀಗ್ ಮತ್ತು ದೇಶದ ಬೇಸ್‌ಬಾಲ್ ಸಂಸ್ಥೆ ಸೇರಿ 2014ರಲ್ಲಿ ‘ಪಿಚ್ ಸ್ಮಾರ್ಟ್’ ಎಂಬ ಮಾರ್ಗಸೂಚಿ ಹೊರಡಿಸಿದವು. 15–16ರ ಹುಡುಗನಿಗೆ ದಿನಕ್ಕೆ 95 ಎಸೆತ, 17–18ರವನಿಗೆ 105. ಮಿತಿಯ ಹತ್ತಿರ ಹೋದರೆ ಆಮೇಲೆ ನಾಲ್ಕು ದಿನ ಬಿಡುವು. ವರ್ಷದಲ್ಲಿ ನಾಲ್ಕು ತಿಂಗಳು ಪಂದ್ಯಗಳಲ್ಲಿ ಪಿಚಿಂಗ್ ಬಂದ್. ಸೇಂಟ್ ಪಾಲ್‌ನಲ್ಲಿ ಹಿಮ ಮಾಡುತ್ತಿದ್ದ ಕೆಲಸವನ್ನು ಫ್ಲಾರಿಡದಲ್ಲಿ ಕಾಗದಕ್ಕೆ ಒಪ್ಪಿಸಿದ ಹಾಗೆ. 2017ರಿಂದ ಪ್ರತಿ ರಾಜ್ಯದ ಶಾಲಾ ಸಂಸ್ಥೆಯೂ ಹೈಸ್ಕೂಲು ಪಂದ್ಯಕ್ಕೆ ಎಸೆತದ ಮಿತಿ ಹಾಕಲೇಬೇಕು ಎಂಬ ನಿಯಮ ಬಂತು. ಈಗ ಶಾಲೆಯ ಪಂದ್ಯದಲ್ಲಿ ಎರಡೂ ಕಡೆಯವರು ಎಣಿಸುತ್ತಾರೆ, ಇನಿಂಗ್ಸ್ ನಡುವೆ ಲೆಕ್ಕ ತಾಳೆ ನೋಡುತ್ತಾರೆ, ಮಿತಿ ಮುಟ್ಟಿದ ಹುಡುಗ ದಿಬ್ಬದಿಂದ ಇಳಿಯಬೇಕು. ಆದರೆ ಶಾಲೆಯ ನಿಯಮ ಶಾಲೆಯ ಪಂದ್ಯಕ್ಕಷ್ಟೇ. ವಸಂತದ ಒಂದು ಗುರುವಾರ ಶಾಲೆಗೆ ತೊಂಬತ್ತು ಎಸೆದ ಹುಡುಗ ಬೇಸಿಗೆಯ ಒಂದು ಭಾನುವಾರ ಬೇರೆ ಊರಿನಲ್ಲಿ, ಬೇರೆ ಜರ್ಸಿಯಲ್ಲಿ, ಬೇರೆ ಕೋಚ್ ಕೈಕೆಳಗೆ ಎಷ್ಟು ಎಸೆದ ಎಂಬುದು ಶಾಲೆಯ ಪುಸ್ತಕಕ್ಕೆ ಬರುವುದಿಲ್ಲ. ಎರಡೂ ಲೆಕ್ಕವನ್ನು ಕೂಡಿಸಿ ನೋಡುವ ಸ್ಥಾನದಲ್ಲಿರುವವರು ಕಾರು ಓಡಿಸುವ ಅಪ್ಪ–ಅಮ್ಮ. ಭಾನುವಾರ ಆಡಿಸಬೇಡಿ ಎಂದು ಕ್ಲಬ್ಬಿನ ಕೋಚ್‌ಗೆ ಹೇಳಬೇಕಾದವರೂ ಅವರೇ, ಆ ಕ್ಲಬ್ಬಿಗೆ ವರ್ಷದ ಶುಲ್ಕ ಮುಂಗಡವಾಗಿ ಕಟ್ಟಿರುವವರೂ ಅವರೇ.